ನಾಲ್ಕು ಬೆರಳು ಉದ್ದದ ಎಡತೋಳು

ಸೆಪ್ಟೆಂಬರ್ 3, ಬುಧವಾರ

ಅಂಗಿ ಕಾರ್ಖಾನೆ ಮುಚ್ಚಿದ ದಿನ ನಗರಸಭೆಯವರು ಕೊಡುತ್ತೇವೆ ಎಂದದ್ದು: ಎಲ್ಲ ಹೆಂಗಸರಿಗೂ ಹೊಸ ಕೆಲಸದ ತರಬೇತಿ. ಬೆಳಕಿರುವ ಒಂದು ಕೋಣೆ. ಎಂಟು ಹೊಲಿಗೆ ಯಂತ್ರ. ದೊಡ್ಡ ಓವನ್ನು. ಚಳಿಗೆ ಹೀಟರು. ಬೆನ್ನಿರುವ ಕುರ್ಚಿ.

ಕೊಡದೆ ಉಳಿಸಿಕೊಂಡದ್ದು: ತರಬೇತಿ. ಆರು ಯಂತ್ರ. ಹೀಟರು. ಕುರ್ಚಿಯ ಬೆನ್ನು.

ಕೊಟ್ಟದ್ದು: ನಗರಸಭೆಯ ಹಳೇ ಕಟ್ಟಡದಲ್ಲಿ, ಲಾಂಡ್ರಿಯ ನೆತ್ತಿಯ ಮೇಲೆ ಒಂದು ಕೋಣೆ. ಎರಡು ಯಂತ್ರ, ಅದರಲ್ಲೊಂದಕ್ಕೆ ಪೆಡಲ್ ಇಲ್ಲ. ಬಟ್ಟೆ ಸುತ್ತಿ ಬಾಗಿಲು ಕಟ್ಟಬೇಕಾದ ಓವನ್ನು. ಎರಡು ಮೂಟೆ ಬೂದು ಉಣ್ಣೆ. ಮತ್ತು ತಲಾ ಒಂದು ಪುಸ್ತಕ.

ಪುಸ್ತಕ ಎಂದರೆ ಇದೇ, ನಾನೀಗ ಬರೆಯುತ್ತಿರುವುದು. ಕಿತ್ತಳೆ ಬಣ್ಣದ ರಟ್ಟು, ಸುತ್ತ ಉದುರುವ ಎಲೆಗಳ ಚಿತ್ರ. ಹೆಸರು 'ನನ್ನ ಶರತ್ಕಾಲದ ಕೈಕೆಲಸ'. ಪ್ರತಿ ಪುಟದ ತಲೆಯ ಮೇಲೆ ಒಂದು ಪ್ರಶ್ನೆ ಅಚ್ಚು ಹಾಕಿದ್ದಾರೆ. ಈ ಪುಟದ್ದು: 'ಈ ಋತುವಿನಲ್ಲಿ ನಿಮ್ಮ ಕೈಗಳು ಯಾವ ಕನಸು ಕಾಣುತ್ತಿವೆ?'

ನನ್ನ ಕೈಗಳು ಕೆಲಸದ ಕನಸು ಕಾಣುತ್ತಿವೆ. ಬರೆದುಕೊಳ್ಳಿ.

ಕಟ್ಟಡದ ಮೇಲ್ವಿಚಾರಕ ತೆಳ್ಳಗೆ ನಗುತ್ತ ಹೇಳಿದ. "ನವೆಂಬರ್ ಕೊನೇ ಶನಿವಾರ ಅಧಿಕಾರಿಗಳು ಬಂದು ನೋಡ್ತಾರೆ ಮೇಡಂ. ನೀವು ಹೆಣೆದದ್ದು, ಹೊಲಿದದ್ದು, ಬೇಯಿಸಿದ್ದು. ಸರಿ ಕಂಡ್ರೆ ಕೋಣೆ ನಿಮ್ಮದೇ. ಇಲ್ಲಾಂದ್ರೆ ನಮಗೆ ಮುರಿದ ಕುರ್ಚಿಗಳನ್ನ ಇಡೋಕೆ ಜಾಗ ಬೇಕು. ಷರತ್ತೆಲ್ಲ ಪುಸ್ತಕದ ಕೊನೇ ಪುಟದಲ್ಲಿದೆ, ಓದ್ಕೊಳ್ಳಿ."

ಓದಲಿಲ್ಲ. ಷರತ್ತು ಬರೆಯುವುದು ಅವರ ಕೆಲಸ, ಮುರಿಯುವುದು ನಮ್ಮದು. ಇಪ್ಪತ್ತೆರಡು ವರ್ಷ ಹಾಗೇ ನಡೆದಿದೆ.

ಆದರೆ ಕೋಣೆ ಬೇಕು. ಮನೆಯಲ್ಲಿ ಕೂತರೆ ಒಬ್ಬೊಬ್ಬರು ಒಂದೊಂದು ಮೂಲೆ ಸೇರುತ್ತೇವೆ, ಮುಗಿಯಿತು. ನಾನಿರುವುದು ತಂಗಿಯ ಮನೆಯಲ್ಲಿ. ಅಲ್ಲಿ ನನ್ನನ್ನು 'ದೊಡ್ಡಮ್ಮ, ಆ ಡಬ್ಬಿ ಕೊಡು' ಎನ್ನುತ್ತಾರೆ. ಕಾರ್ಖಾನೆಯ ಸಂಘದಲ್ಲಿ ಕರೆಯುತ್ತಿದ್ದ ಹಾಗೆ ಕಾರ್ಯದರ್ಶಿ ಎಂದು ಯಾರೂ ಕರೆಯುವುದಿಲ್ಲ. ಅದು ಇಲ್ಲಿ ಮುಖ್ಯವಲ್ಲ, ಸುಮ್ಮನೆ ಬರೆದೆ.

ಸೆಪ್ಟೆಂಬರ್ 5, ಶುಕ್ರವಾರ

ಮೊದಲ ಸಭೆ. ಹಾಜರು ಒಂಬತ್ತು. ಕೋಣೆ ಬೆಚ್ಚಗಿರುವುದು ಮಂಗಳವಾರ, ಶುಕ್ರವಾರ ಮಾತ್ರ. ಅವತ್ತು ಕೆಳಗೆ ಲಾಂಡ್ರಿಯವರು ಬಾಯ್ಲರ್ ಹಚ್ಚುತ್ತಾರೆ, ಬಿಸಿ ನೆಲದಿಂದ ಮೇಲೆ ಬರುತ್ತದೆ. ಹೀಟರು ಕೊಡದವರು ಕಾಲಡಿಗೆ ಬೆಂಕಿ ಇಟ್ಟಿದ್ದಾರೆ. ಆ ಎರಡು ದಿನ ಮಧ್ಯಾಹ್ನ ಎರಡರಿಂದ ಐದರವರೆಗೆ ಸೇರುವುದೆಂದು ತೀರ್ಮಾನ.

ಕಾರ್ಖಾನೆಯಲ್ಲಿ ಯಾರು ಯಾವ ಲೈನಿನಲ್ಲಿದ್ದರೋ ಅದೇ ಈಗಲೂ ಅವರ ಹೆಸರು. ನನ್ನ ಪಕ್ಕದಲ್ಲೇ ಇಪ್ಪತ್ತು ವರ್ಷ ಕಾಲರ್ ಕೂಡಿಸಿದ ಕಾಲರಕ್ಕ. ಗುಂಡಿಯ ಕಾಜಾ ಹಾಕುತ್ತಿದ್ದ ಗುಂಡಿ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಜೇಬು ಹೊಲಿಯುತ್ತಿದ್ದ ಅಕ್ಕತಂಗಿಯರು. ಇಸ್ತ್ರಿಯವರು ಇಬ್ಬರು. ಕ್ಯಾಂಟೀನಮ್ಮ. ಕೊನೆಗೆ ಪ್ಯಾಕಿಂಗ್. ಅವಳಿಗೆ ಮೂವತ್ತೆರಡಾದರೂ ನಮಗೆ ಹುಡುಗಿಯೇ. ಹನ್ನೊಂದು ವರ್ಷ ಸಂಘದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಬರೆದುಕೊಂಡವಳು.

ನಾನು ಎಡತೋಳು. ಇಪ್ಪತ್ತೆರಡು ವರ್ಷ ಅಂಗಿಗೆ ಎಡತೋಳು ಕೂಡಿಸಿದ್ದೇನೆ. ಬಲತೋಳು ಬೇರೆ ಲೈನು.

ಯೋಜನೆ ಮಂಡಿಸಿದೆ. ನಮ್ಮಲ್ಲಿ ಯಾರೂ ಒಂದು ಅಂಗಿಯನ್ನು ಪೂರ್ತಿ ಮಾಡಿದವರಲ್ಲ. ಆದ್ದರಿಂದ ಗೊತ್ತಿರುವ ರೀತಿಯಲ್ಲೇ ಮಾಡೋಣ. ಆರು ಮಕ್ಕಳ ಸ್ವೆಟರು: ಜೇಬಿನವರು ಎದೆ ಮತ್ತು ಬೆನ್ನು, ಗುಂಡಿ ಎಡತೋಳು, ಕಾಲರಕ್ಕ ಬಲತೋಳು. ಆರು ಏಪ್ರನ್: ಇಸ್ತ್ರಿಯವರು. ಬ್ರೆಡ್ಡಿಗೆ ಹಿಟ್ಟು ಕಲಸುವುದು ಇಸ್ತ್ರಿಯವರಲ್ಲಿ ದೊಡ್ಡವಳು, ಓವನ್ನಿನ ಮುಂದೆ ಮಾತ್ರ ಕ್ಯಾಂಟೀನಮ್ಮ. ಎಲ್ಲವನ್ನೂ ಮಡಿಸಿಡುವುದು ಪ್ಯಾಕಿಂಗ್. ನನ್ನ ಹೆಸರಿನ ಮುಂದೆ ಮೇಲ್ವಿಚಾರಣೆ ಎಂದು ಬರೆಯಲು ಹೋಗಿ, ಹೊಡೆದುಹಾಕಿ, ಸಂಯೋಜನೆ ಎಂದು ಬರೆದೆ.

ಪ್ಯಾಕಿಂಗ್ ಎದ್ದು ನಿಂತಳು. "ಅಕ್ಕಾ, ಹನ್ನೊಂದು ವರ್ಷ ಬೇರೆಯವ್ರು ಮಾಡಿದ್ದನ್ನ ಮಡಿಸಿದೀನಿ. ಇಲ್ಲೂ ಮಡಿಸ್ಲಾ?"

"ನಿನ್ನಷ್ಟು ಚೆನ್ನಾಗಿ ಯಾರು ಮಡಿಸ್ತಾರೆ?" ಎಂದೆ. ಹುರಿದುಂಬಿಸಿದರೆ ಹುಡುಗಿ ಅರಳುತ್ತಾಳೆ.

ಯೋಜನೆ ಸರ್ವಾನುಮತದಿಂದ ಅಂಗೀಕಾರ. ಪ್ಯಾಕಿಂಗ್ ಕೈ ಎತ್ತಿದ್ದು ಅರ್ಧ. ಅರ್ಧ ಎತ್ತಿದರೂ ಎತ್ತಿದಂತೆಯೇ.

ಸೆಪ್ಟೆಂಬರ್ 12, ಶುಕ್ರವಾರ

'ಈ ವಾರ ನಿಮ್ಮ ಕೈಗೆ ಖುಷಿ ಕೊಟ್ಟದ್ದೇನು?' ಎಂದು ಪುಸ್ತಕ ಕೇಳುತ್ತಿದೆ.

ಗೋಡೆಗೆ ಹಲಗೆ ಹೊಡೆದದ್ದು. ಯಾರು, ಏನು, ಎಷ್ಟು, ಯಾವ ದಿನದೊಳಗೆ, ಎಲ್ಲ ಅದರ ಮೇಲಿದೆ. ಮೊಳೆ ಒಂದೇ ಏಟಿಗೆ ಕೂತಿತು.

ಸೆಪ್ಟೆಂಬರ್ 23, ಮಂಗಳವಾರ

ಚಹಾ ಎಂದು ಎದ್ದವರು ಇಪ್ಪತ್ತೈದು ನಿಮಿಷ ಕೂರಲಿಲ್ಲ. ಕ್ಯಾಂಟೀನಮ್ಮ ಬನ್ನು ಬೇರೆ ಮಾಡಿದ್ದಳು, ಯೋಜನೆಯಲ್ಲಿ ಇಲ್ಲದ ಬನ್ನು. ಗುಂಡಿ ತನ್ನ ಅತ್ತೆ ಕುರುಡುಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುವ ಅಣಕ ಮಾಡಿ ತೋರಿಸಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ಬಿದ್ದರು.

ಹೀಗೇ ಆದರೆ ನವೆಂಬರಿಗೆ ಮುರಿದ ಕುರ್ಚಿಗಳು ಬರುತ್ತವೆ, ನಾವು ಹೋಗುತ್ತೇವೆ. ಮನೆಯಿಂದ ಅಲಾರಂ ಗಡಿಯಾರ ತಂದಿಟ್ಟೆ. ಚಹಾಕ್ಕೆ ಏಳು ನಿಮಿಷ.

"ಏಳೇ ನಿಮಿಷಾನಾ?" ಎಂದಳು ಗುಂಡಿ. "ಕಾರ್ಖಾನೇಲಿ ಎಂಟಿತ್ತಲ್ಲ. ಆ ಎಂಟಕ್ಕೆ ಒಂಬತ್ತು ದಿನ ಗೇಟಿನ ಮುಂದೆ ಕೂತಿದ್ವಿ. ನೀವೇ ಕೂರ್ಸಿದ್ದು."

ಅದು ಬೇರೆ. ಅಲ್ಲಿ ಉಳಿಸಿದ ನಿಮಿಷ ಮಾಲೀಕನ ಹೊಟ್ಟೆಗೆ ಹೋಗುತ್ತಿತ್ತು. ಇಲ್ಲಿ ನಮ್ಮ ಕೋಣೆಗೆ. ಇಷ್ಟು ಸರಳ ವ್ಯತ್ಯಾಸ ಅರ್ಥವಾಗದಿದ್ದರೆ ಇಷ್ಟು ವರ್ಷ ನಾನು ಯಾರಿಗೆ ಭಾಷಣ ಮಾಡಿದೆ?

ಕುಣಿಕೆ ತಪ್ಪಿದ ಕಡೆ ಗುರುತಿಗೆ ಕೆಂಪು ದಾರ ಕಟ್ಟತೊಡಗಿದ್ದೇನೆ. ಕಾರ್ಖಾನೆಯಲ್ಲೂ ತಪಾಸಣೆಯವನು ಕೆಂಪು ದಾರವನ್ನೇ ಕಟ್ಟುತ್ತಿದ್ದ ಎಂದು ಕಾಲರಕ್ಕ ಮೆಲ್ಲಗೆ ಹೇಳಿದಳು. ಗೊತ್ತು. ಆದರೆ ಅವನು ಅವಮಾನಿಸಲು ಕಟ್ಟುತ್ತಿದ್ದ. ನಾನು ತಿದ್ದಲು ಕಟ್ಟುತ್ತೇನೆ. ದಾರ ಏನು ಮಾಡೀತು ಪಾಪ.

ಸೆಪ್ಟೆಂಬರ್ 30, ಮಂಗಳವಾರ

ಇವತ್ತು ಒಂದು ಅಶಿಸ್ತಿನ ಪ್ರಕರಣ.

ಮಡಿಸಲು ಇನ್ನೂ ಏನೂ ಬಂದಿಲ್ಲವಾದ್ದರಿಂದ ಪ್ಯಾಕಿಂಗ್ ಮೂಲೆಯಲ್ಲಿ ಕೂತಿದ್ದಳು. ಹತ್ತಿರ ಹೋಗಿ ನೋಡಿದರೆ ಮಡಿಲಲ್ಲಿ ಕಡ್ಡಿ, ಉಣ್ಣೆ, ಮುಕ್ಕಾಲು ಮುಗಿದ ಒಂದು ಟೋಪಿ. ತನ್ನ ಮಗಳಿಗಂತೆ. ಮೊದಲ ಕುಣಿಕೆಯಿಂದ ನೆತ್ತಿಯವರೆಗೆ ಅವಳದೇ ಕೈ. ಯಾರೂ ಹೇಳಿಕೊಟ್ಟಿಲ್ಲ.

"ಇದು ಸಮೂಹದ ಉಣ್ಣೆ" ಎಂದೆ.

"ನಾನೂ ಸಮೂಹದವಳೇ ಅಲ್ವಾ ಅಕ್ಕಾ?"

ಮಾತಿಗೆ ಮಾತು ಕಲಿತಿದ್ದಾಳೆ. ನನ್ನಿಂದಲೇ ಕಲಿತದ್ದು. ಟೋಪಿಯನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಸೊಂಟದಲ್ಲಿದೆ. ನಡೆಯುವಾಗ ಸದ್ದಾಗುತ್ತದೆ. ಒಳ್ಳೆಯದೇ, ನಾನು ಬರುವುದು ಗೊತ್ತಾದರೆ ಕೆಲಸ ಚುರುಕಾಗುತ್ತದೆ.

ಟೋಪಿ ಚೆನ್ನಾಗಿತ್ತು. ಅದು ಪ್ರಶ್ನೆಯಲ್ಲ.

ಅಕ್ಟೋಬರ್ 10, ಶುಕ್ರವಾರ

ಇವತ್ತು ಕೂಡಿಸುವ ದಿನ. ಐದು ವಾರದ ಎದೆ, ಬೆನ್ನು, ಎಡತೋಳು, ಬಲತೋಳು ಎಲ್ಲ ಮೇಜಿನ ಮೇಲೆ. ಎಡತೋಳು ಕೂಡಿಸುವ ಹಕ್ಕನ್ನು ನಾನೇ ಇಟ್ಟುಕೊಂಡಿದ್ದೆ. ಬೆರಳು ಮರೆತಿರಲಿಲ್ಲ. ಬಲತೋಳು ಕಾಲರಕ್ಕ ಕೂಡಿಸಿದಳು. ಮೊದಲ ಸ್ವೆಟರನ್ನು ಭುಜ ಹಿಡಿದು ಎತ್ತಿ ತೋರಿಸಿದೆ.

ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಉದ್ದ.

ಎರಡನೆಯದು, ನಾಲ್ಕು ಬೆರಳು. ಮೂರನೆಯದು, ನಾಲ್ಕು. ಆರಕ್ಕೆ ಆರೂ. ಹಲಗೆಯ ಮೇಲೆ ಇಬ್ಬರಿಗೂ ಅಷ್ಟೇ ಕುಣಿಕೆ, ಅಷ್ಟೇ ಸಾಲು ಬರೆದಿದ್ದೆ. ಇಬ್ಬರೂ ಒಂದು ಸಾಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಗುಂಡಿ ಮಾತಾಡುತ್ತ ಸಡಿಲ ಹೆಣೆಯುತ್ತಾಳೆ. ಕಾಲರಕ್ಕ ಹಲ್ಲು ಕಚ್ಚಿ ಬಿಗಿಯಾಗಿ ಹೆಣೆಯುತ್ತಾಳೆ. ಯಂತ್ರಕ್ಕೆ ಬಿಗಿ ಸಡಿಲ ತಿರುಗಿಸಲು ಗುಬಟು ಇರುತ್ತದೆ. ಹೆಂಗಸಿಗೆ ಎಲ್ಲಿದೆ? ಇಪ್ಪತ್ತೆರಡು ವರ್ಷ ಯಂತ್ರದ ಮುಂದೆ ಕೂತವರಿಗೆ ಮಾತ್ರ ಇದು ಹೊಳೆಯದೆ ಇರಲು ಸಾಧ್ಯ.

ಆಮೇಲೆ ಗುಂಡಿ: "ಪರವಾಗಿಲ್ಲ ಬಿಡಿ. ಎಡಗೈ ಚಾಚಿ ಏನಾದ್ರೂ ಕದಿಯೋ ಮಕ್ಕಳಿಗೆ ಕೊಡೋಣ."

ಅಷ್ಟೇ. ಕ್ಯಾಂಟೀನಮ್ಮ ಕೆಮ್ಮುವ ತನಕ ನಕ್ಕಳು. ಕಾಲರಕ್ಕ ಕೂಡ ನಕ್ಕಳು, ಕಾರ್ಖಾನೆ ಮುಚ್ಚಿದ ಜೂನ್ ತಿಂಗಳಿಂದ ಒಮ್ಮೆಯೂ ನಗದ ಕಾಲರಕ್ಕ. ನಕ್ಕವರ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆದೆ. ಎಂಟು ಹೆಸರು. ಹನ್ನೆರಡು ತೋಳಿಗೂ ಕೆಂಪು ದಾರ ಕಟ್ಟಿ, ಬಿಚ್ಚಿ ಮತ್ತೆ ಹೆಣೆಯಬೇಕು, ಮಂಗಳವಾರದೊಳಗೆ ಎಂದೆ.

ಎಲ್ಲರೂ ತಮ್ಮ ತಮ್ಮ ಕಡ್ಡಿ ಎತ್ತಿಕೊಂಡು ಹೊರಟರು. ಒಪ್ಪಿದರು ಎಂದುಕೊಂಡೆ.

ಅಕ್ಟೋಬರ್ 14, ಮಂಗಳವಾರ

ಎರಡಕ್ಕೆ ಸರಿಯಾಗಿ ಬಾಗಿಲು ತೆಗೆದೆ. ಎಂಟು ಜನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಕಡ್ಡಿಗಳೆಲ್ಲ ನೆಲದ ಮೇಲೆ, ಒಂದರ ಪಕ್ಕ ಒಂದು. ಕೈಗಳು ಮಡಿಲಲ್ಲಿ, ಅಂಗೈ ಮೇಲಾಗಿ.

ಆ ಕೂರುವ ರೀತಿ ನನ್ನದು. ತಪಾಸಣೆಯವನ ಕೆಂಪು ದಾರದ ವಿರುದ್ಧ ಮುಷ್ಕರ ಹೂಡಿದಾಗ ನಾನೇ ಕಲಿಸಿದ್ದು. ಕೂಗಬೇಡಿ, ಕೈ ತೋರಿಸಿ, ಖಾಲಿ ಕೈ ನೋಡಿದರೆ ಮ್ಯಾನೇಜರಿಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ ಎಂದಿದ್ದೆ.

ತಿಳಿಯುವುದಿಲ್ಲ. ನಿಜ.

ಪ್ಯಾಕಿಂಗ್ ಎದ್ದು ಬಂದು ಒಂದು ಕಾಗದ ಕೊಟ್ಟಳು. 'ಮಾನ್ಯ ಕಾರ್ಯದರ್ಶಿಯವರಿಗೆ' ಎಂದು ಶುರು. ಎಡಕ್ಕೆ ಎರಡು ಬೆರಳು ಅಂಚು ಬಿಟ್ಟಿದ್ದಾಳೆ, ಬೇಡಿಕೆಗೊಂದು ಸಂಖ್ಯೆ ಕೊಟ್ಟಿದ್ದಾಳೆ, ಕೊನೆಯಲ್ಲಿ 'ಮುಂದಿನ ಬೆಳವಣಿಗೆಗಳಿಗೆ ತಾವೇ ಹೊಣೆ'. ಎಲ್ಲ ನಾನು ಹೇಳಿಕೊಟ್ಟ ಹಾಗೆ. ತಪ್ಪು ಹುಡುಕಿದೆ. ಒಂದೂ ಇರಲಿಲ್ಲ. ಒಂದು ಕ್ಷಣ ಎದೆ ಉಬ್ಬಿತು. ಆಮೇಲೆ ನೆನಪಾಯಿತು, ಕಾಗದ ಬಂದಿರುವುದು ನನಗೆ.

ಬೇಡಿಕೆ ಏಳು. ಪ್ರತಿಯೊಬ್ಬರೂ ಒಂದೊಂದು ವಸ್ತುವನ್ನು ಮೊದಲಿಂದ ಕೊನೆಯವರೆಗೆ ತಾವೇ ಮಾಡಬೇಕು. ಕೆಂಪು ದಾರ ನಿಲ್ಲಬೇಕು. ಚಹಾಕ್ಕೆ ಅಲಾರಂ ಕೂಡದು. ನಕ್ಕದ್ದಕ್ಕೆ ಹೆಸರು ಬರೆಯಕೂಡದು. ಟೋಪಿ ವಾಪಸ್ಸು ಕೊಡಬೇಕು. ಬೀರುವಿನ ಕೀಲಿ ಗೋಡೆಯ ಮೊಳೆಯ ಮೇಲಿರಬೇಕು. ಏಳನೆಯದು: 'ಕಾರ್ಯದರ್ಶಿಯವರೂ ಒಂದು ವಸ್ತು ಮಾಡಬೇಕು. ಕೊನೇ ಪುಟದ ನಾಲ್ಕನೇ ಷರತ್ತು ನೋಡಿ.'

"ಇದರ ಹಿಂದೆ ಯಾರಿದಾರೆ?" ಎಂದು ಕೇಳಿದೆ.

"ಹಿಂದೆ ಗೋಡೆ ಇದೆ, ಕಾಣಲ್ವಾ?" ಎಂದಳು ಗುಂಡಿ.

ಹೊರಗಿನವರ ಚಿತಾವಣೆ. ಖಂಡಿತ.

ಅಕ್ಟೋಬರ್ 15, ಬುಧವಾರ

ಕೃತಘ್ನರು.

ಅಕ್ಟೋಬರ್ 17, ಶುಕ್ರವಾರ

ಹೋಗಲಿಲ್ಲ. ಎರಡು ಗಂಟೆಗೆ ಸೀರೆ ಉಟ್ಟು ಕೂತೆ, ಐದಕ್ಕೆ ಬಿಚ್ಚಿದೆ. ತಂಗಿ ಕೇಳಿದಳು, "ಇವತ್ತು ಮೀಟಿಂಗ್ ಇಲ್ವಾ?" ಮುಂದೂಡಿದೆ ಎಂದೆ.

ಕೈಗೆ ಕೆಲಸವಿಲ್ಲದೆ ಕೊನೇ ಪುಟ ಓದಿದೆ. ನಾಲ್ಕನೇ ಷರತ್ತು: 'ಪಟ್ಟಿಯಲ್ಲಿರುವ ಪ್ರತಿ ಸದಸ್ಯರೂ, ಹೆಣಿಗೆ, ಹೊಲಿಗೆ ಅಥವಾ ಬೇಕಿಂಗ್‌ನಲ್ಲಿ, ಆರಂಭದಿಂದ ಅಂತ್ಯದವರೆಗೆ ಸ್ವಂತ ಕೈಯಿಂದ ಮಾಡಿದ ತಲಾ ಒಂದು ವಸ್ತುವನ್ನು ತೋರಿಸತಕ್ಕದ್ದು. ಒಬ್ಬರು ತಪ್ಪಿದರೂ ಕೋಣೆಯ ಹಂಚಿಕೆ ರದ್ದು.'

ಅಂದರೆ ಆರು ಸ್ವೆಟರಿನ ತೋಳು ಸಮವಾಗಿದ್ದರೂ ಕೋಣೆ ಹೋಗುತ್ತಿತ್ತು. ನನ್ನ ಹಲಗೆ, ಗಡಿಯಾರ, ದಾರ, ಎಲ್ಲ ನಡೆದದ್ದು ಕೋಣೆ ಕಳೆದುಕೊಳ್ಳಲು.

ಷರತ್ತು ದೋಷಪೂರಿತವಾಗಿದೆ. ಖಂಡಿಸಿ ಪತ್ರ ಬರೆಯಬೇಕು.

ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಅಕ್ಟೋಬರ್ 20, ಸೋಮವಾರ

ಮೇಲ್ವಿಚಾರಕ ಫೋನು ಮಾಡಿದ. ದನಿಯಲ್ಲಿ ಜೇನು.

"ಮೇಲೆ ಏನೋ ಗಲಾಟೆ ಅಂತ ಕೇಳ್ಪಟ್ಟೆ ಮೇಡಂ. ತಲೆ ಕೆಡಿಸ್ಕೋಬೇಡಿ. ಕೋಣೆಗೆ ಕಾಯ್ತಿರೋರು ಎಂಟು ಜನ ಬೇರೆ ಹೆಂಗಸರಿದಾರೆ, ಎಲ್ಲ ಹೇಳಿದ ಮಾತು ಕೇಳೋರು. ಪಟ್ಟಿ ಬದಲಾಯಿಸಿ ಒಂದು ಸಹಿ ಹಾಕಿ ಸಾಕು. ನಿಮ್ಮದೇನೂ ವಸ್ತು ಬೇಡ, ಉಸ್ತುವಾರಿ ಅಂತ ತೋರಿಸ್ತೀವಿ. ನಿಮ್ಮಂಥ ಶಿಸ್ತಿನವ್ರು ನಮಗೆ ಬೇಕು."

ನಿಮ್ಮಂಥ ಶಿಸ್ತಿನವರು ನಮಗೆ ಬೇಕು. ಇದೇ ಮಾತನ್ನು ಕಾರ್ಖಾನೆಯ ಮ್ಯಾನೇಜರು ಮುಷ್ಕರದ ಆರನೇ ದಿನ ನನ್ನನ್ನು ಒಳಗೆ ಕರೆದು, ಬೆನ್ನಿರುವ ಕುರ್ಚಿಯಲ್ಲಿ ಕೂರಿಸಿ ಹೇಳಿದ್ದ. ಆಗ ಏನು ಉತ್ತರ ಕೊಟ್ಟಿದ್ದೆನೋ ಇವತ್ತೂ ಅದನ್ನೇ ಕೊಟ್ಟೆ. ಈ ಪುಸ್ತಕದ ಹೂವಿನ ಅಂಚಿನೊಳಗೆ ಅದನ್ನು ಬರೆಯುವಂತಿಲ್ಲ. ತಂಗಿಯ ಮಕ್ಕಳು ಊಟ ಬಿಟ್ಟು ನನ್ನನ್ನೇ ನೋಡಿದರು.

ಇದರರ್ಥ ಎಂಟು ಜನರ ಅಶಿಸ್ತನ್ನು ಒಪ್ಪಿದೆ ಎಂದಲ್ಲ. ಲೈನು ಸರಿಯಿರಲಿಲ್ಲ, ಗರಗರ ಅನ್ನುತ್ತಿತ್ತು, ಅದಕ್ಕೆ ಫೋನು ಇಟ್ಟೆ.

ಅಕ್ಟೋಬರ್ 23, ಗುರುವಾರ

ಮಧ್ಯಾಹ್ನ ಕಾಲರಕ್ಕ ಬಂದಳು. ಮಾತುಕತೆಗೆ ಕಳಿಸಿದ್ದಾರಾ ಎಂದು ಕೇಳಿದೆ. "ನಾನೇ ಬಂದೆ. ಮಾತುಕತೆ ನಾಳೆ ಕೋಣೇಲಿ" ಎಂದು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತಳು. ಚೀಲದಿಂದ ಒಂದು ಎಡತೋಳು ತೆಗೆದಳು. ನಾನು ಕಟ್ಟಿದ ಕೆಂಪು ದಾರ ಅದರಲ್ಲಿ ಇನ್ನೂ ಇತ್ತು.

"ಏನು ಮಾಡ್ತೀಯ, ಹೇಳು" ಎಂದಳು. "ಷರತ್ತು ಓದಿದೀಯಲ್ಲ?"

ಏಪ್ರನ್ ಹೊಲಿಯುತ್ತೇನೆ, ಅದೇನು ಮಹಾ ಎಂದೆ.

"ಬಟ್ಟೆ ಯಾರು ಕತ್ತರಿಸ್ತಾರೆ?"

ಕಳೆದ ವಾರ ಪ್ರಯತ್ನಿಸಿದ್ದೆ, ಇಲ್ಲಿ ಬರೆದಿಲ್ಲ. ತಂಗಿಯ ಹಳೇ ಹಾಸಿಗೆ ಬಟ್ಟೆ ಹಾಸಿಕೊಂಡು, ಕತ್ತರಿ ಹಿಡಿದುಕೊಂಡು, ಅರ್ಧ ಗಂಟೆ ಅದರ ಸುತ್ತ ಮಂಡಿಯಲ್ಲಿ ತಿರುಗಿ, ಮಡಿಸಿ ಒಳಗಿಟ್ಟೆ.

ಕಾಲರಕ್ಕ ತೋಳಿನ ತುದಿ ಬಿಚ್ಚಿ ಉಣ್ಣೆ ಎಳೆಯುತ್ತ ಹೇಳಿದಳು. "ನಿಂಗೆ ಶುರು ಮಾಡೋಕೆ ಬರಲ್ಲ. ನಂಗೆ ಇಪ್ಪತ್ತು ವರ್ಷದಿಂದ ಗೊತ್ತು. ನಂಗೂ ಬರ್ತಿರ್ಲಿಲ್ಲ. ನಮ್ಮ ಹತ್ರ ಬರೋ ಹೊತ್ತಿಗೆ ಅಂಗಿ ಯಾರೋ ಶುರು ಮಾಡಿರ್ತಿದ್ರು, ನಮ್ಮಿಂದಾಚೆ ಯಾರೋ ಮುಗಿಸ್ತಿದ್ರು. ನಡುವೆ ಕೂತಿದ್ವಿ ಅಷ್ಟೇ."

"ನಾನು ಮುಷ್ಕರ ಶುರು ಮಾಡಿದೀನಿ" ಎಂದೆ.

"ಅದಕ್ಕೆ ಕುಣಿಕೆ ಹಾಕ್ಬೇಕಾಗಿಲ್ಲ, ಕೂಗಿದ್ರೆ ಆಯ್ತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ದೊಡ್ಡದೊಂದು ಶಾಲು ಮಾಡುತ್ತೇನೆ, ಕೆಂಪು ಬಣ್ಣದ್ದು, ಗೋಡೆ ತುಂಬುವಂಥದ್ದು ಎಂದೆ. ನನ್ನ ಕೈಯನ್ನು ಸ್ಟೂಲಿನ ಅಂಚಿಗಿಟ್ಟು ನೋಡಿದಳು.

"ಇಷ್ಟು ದೊಡ್ಡದು ಮಾಡು ಸಾಕು. ಬೆರಳಿಲ್ಲದ ಕೈಗವಸು. ಹೆಬ್ಬೆಟ್ಟಿಗೊಂದು ತೂತು. ಬಟ್ಟೆಗೆ ಕತ್ತರಿ ಹಾಕಿದ್ರೆ ಹಿಂದಕ್ಕೆ ಬರಲ್ಲ ಅಂತ ತಾನೇ ಭಯ? ಉಣ್ಣೆ ತಪ್ಪಿದ್ರೆ ಬಿಚ್ಚು. ಎಷ್ಟು ಸಲ ಬಿಚ್ಚಿದ್ರೂ ಅದು ಬೈಯಲ್ಲ."

ಮೊದಲ ಸಾಲಿನ ಕುಣಿಕೆ ಹಾಕುವುದು ಹೇಗೆಂದು ತೋರಿಸಿದಳು. ಎಡ ಹೆಬ್ಬೆರಳಿಗೆ ಎಳೆ ಸುತ್ತಿ, ಕಡ್ಡಿಯನ್ನು ಕೆಳಗಿಂದ ತೂರಿಸಿ. ಮೊದಲನೆಯದು ಜಾರಿತು. ಎರಡನೆಯದೂ. ಹನ್ನೊಂದನೆಯದು ನಿಂತಿತು.

ಬಾಗಿಲಲ್ಲಿ ಹೇಳಿ ಹೋದಳು, "ನಾಳೆ ಎರಡೂವರೆಗೆ ಬಾ. ತಡ ಮಾಡಿದ್ರೆ ಹೆಸರು ಬರೀತೀವಿ."

ಅಕ್ಟೋಬರ್ 24, ಶುಕ್ರವಾರ

ಮೇಜಿನ ಒಂದು ಕಡೆ ಎಂಟು ಜನ. ಇನ್ನೊಂದು ಕಡೆ, ಕಿಟಕಿಗೆ ಬೆನ್ನಾಗಿ, ಒಂದು ಖಾಲಿ ಕುರ್ಚಿ. ಕಾರ್ಖಾನೆಯಲ್ಲೂ ಮ್ಯಾನೇಜರು ಆ ಕಡೆಯೇ ಕೂರುತ್ತಿದ್ದ, ಬೆಳಕು ನಮ್ಮ ಕಣ್ಣಿಗೆ ಹೊಡೆಯಲಿ ಅಂತ. ಅಲ್ಲಿಂದ ನೋಡಿದರೆ ಎದುರಿನವರ ಮುಖ ಎಷ್ಟು ಸ್ಪಷ್ಟ ಕಾಣುತ್ತದೆ ಎಂದು ಇವತ್ತು ಗೊತ್ತಾಯಿತು. ಅವನಿಗೂ ಕಾಣುತ್ತಿತ್ತು ಹಾಗಾದರೆ.

ಮೇಲ್ವಿಚಾರಕನ ಫೋನಿನ ವಿಷಯ ಮೊದಲು ಹೇಳಿದೆ. ಏನು ಉತ್ತರ ಕೊಟ್ಟಿರಿ ಎಂದು ಕೇಳಿದರು. ಹೇಳಿದೆ. ಕ್ಯಾಂಟೀನಮ್ಮ ಕಿವಿ ಮುಚ್ಚಿಕೊಂಡಳು, ಜೇಬಿನ ತಂಗಿ ಇನ್ನೊಂದು ಸಲ ಹೇಳಿ ಎಂದಳು.

ಆಮೇಲೆ ವ್ಯವಹಾರ. ದಾರ, ಹೆಸರು, ಟೋಪಿ, ಕೀಲಿ, ಒಪ್ಪಿದೆ. ತಲಾ ಒಂದು ವಸ್ತು, ಒಪ್ಪಿದೆ. ಚಹಾಕ್ಕೆ ಹನ್ನೆರಡು ನಿಮಿಷ ಎಂದೆ. ಅವರು ಇಪ್ಪತ್ತು ಎಂದರು. ಹದಿನೈದಕ್ಕೆ ಇತ್ಯರ್ಥ. ನನ್ನ ಕಡೆ ಯಾರೂ ಇಲ್ಲದಿದ್ದರೂ ಐದು ನಿಮಿಷ ಉಳಿಸಿಕೊಂಡೆ ಎಂಬುದು ದಾಖಲಾಗಲಿ. ಏಳನೇ ಬೇಡಿಕೆಗೆ ಕಾಲಾವಕಾಶ ಕೇಳಿದೆ.

ಪ್ಯಾಕಿಂಗ್ ಕಾಗದದಿಂದ ಕಣ್ಣೆತ್ತಲಿಲ್ಲ. "ಅದರ ಬಗ್ಗೆ ಚರ್ಚೆ ಇಲ್ಲ ಅಕ್ಕಾ. ನೀವು ತಪ್ಪಿದ್ರೆ ಒಂಬತ್ತೂ ಜನ ಹೊರಗೆ."

ಐದು ಸ್ವೆಟರು ಬಿಚ್ಚಿ ಉಣ್ಣೆ ಹಂಚಿಕೊಂಡರು. ಆರನೆಯದರ ಎಡತೋಳನ್ನು ಪ್ಯಾಕಿಂಗ್ ನಾಲ್ಕು ಬೆರಳು ಮಡಿಸಿ, ಎರಡು ಹೊಲಿಗೆ ಹಾಕಿ ಹಿಡಿದಳು. ಸರಿಸಮ. "ಹನ್ನೊಂದು ವರ್ಷ ಸುಮ್ನೆ ಮಡಿಸಿಲ್ಲ" ಎಂದಳು. ಅದು ಈಗ ಅವಳ ಮಗಳದು. ಟೋಪಿಯ ಜೊತೆಗೆ.

ನವೆಂಬರ್ 4, ಮಂಗಳವಾರ

'ಯಾವ ಬಣ್ಣ ನಿಮಗೆ ಶಾಂತಿ ಕೊಡುತ್ತದೆ?'

ಯಾವುದೂ ಇಲ್ಲ. ಮೂರು ಸಲ ಬಿಚ್ಚಿದೆ.

ನವೆಂಬರ್ 11, ಮಂಗಳವಾರ

ಒಮ್ಮೆ ಹೆಣೆದು ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ, ಹಳೇ ಕುಣಿಕೆಯ ಬಾಗು ಅದರಲ್ಲಿ ಉಳಿದಿರುತ್ತದೆ. ಬಿಸಿನೀರಿಗೆ ಹಾಕಿ ಎಳೆದು ಒಣಗಿಸಬೇಕಂತೆ. ಕೆಳಗೆ ಲಾಂಡ್ರಿಯವನನ್ನು ಕೇಳಿದೆ, ಹಬೆಯ ಮುಂದೆ ಹಿಡಿದು ಕೊಟ್ಟ. ಸ್ವಲ್ಪ ನೆಟ್ಟಗಾಯಿತು. ಪೂರ್ತಿ ಆಗಲಿಲ್ಲ.

ತಪ್ಪಿದ ಸಾಲಿಗೆ ಗುರುತಿರಲಿ ಎಂದು ಕೆಂಪು ದಾರ ಕಟ್ಟಿಕೊಂಡಿದ್ದೇನೆ. ಒಪ್ಪಂದದಲ್ಲಿ ಬೇರೆಯವರ ಕೆಲಸಕ್ಕೆ ಕಟ್ಟಬಾರದು ಎಂದಷ್ಟೇ ಇರುವುದು. ಏಳು ದಾರ ಆಗಿವೆ.

ಇವತ್ತು ಗುಂಡಿ ತಾನು ಕತ್ತರಿಸಿ ಹೊಲಿದ ಚೀಲದ ಕೆಳಭಾಗ ಹೊಲಿಯುವುದನ್ನೇ ಮರೆತಿದ್ದಳು. ತಲೆಗೆ ಹಾಕಿಕೊಂಡು ಅದರೊಳಗಿಂದ ಮುಖ ತೋರಿಸಿದಳು. ಚಹಾ ನಲವತ್ತು ನಿಮಿಷ ಆಯಿತು. ಗಡಿಯಾರ ನೋಡಲು ಮರೆತೆ.

ನವೆಂಬರ್ 21, ಶುಕ್ರವಾರ

ಹೆಬ್ಬೆಟ್ಟು ಎಲ್ಲಿ ಬರಬೇಕು ಎಂಬುದನ್ನು ಯಾವ ಸಮಿತಿಯೂ ಹೇಳಲಾರದು. ನನ್ನದೇ ಕೈ ಇಟ್ಟು ನೋಡಬೇಕು. ಇಟ್ಟೆ. ಐವತ್ತೆಂಟು ವರ್ಷಕ್ಕೆ ಮೊದಲ ಸಲ ಈ ಕೈಯನ್ನು ಸರಿಯಾಗಿ ನೋಡಿದೆ. ತೋರುಬೆರಳು ಎಡಕ್ಕೆ ವಾಲಿದೆ, ಎಡತೋಳು ತಿರುಗಿಸಿ ತಿರುಗಿಸಿ.

ಉಳಿದವರದು ಮುಗಿಯಿತು. ನನ್ನದು ಇನ್ನೂ ಒಂಬತ್ತು ಸಾಲು. ಬೇಗ ಮಾಡಿ ಎಂದು ಯಾರೂ ಹೇಳುವುದಿಲ್ಲ. ಅದೇ ಕಷ್ಟ. ಹೇಳಿದ್ದರೆ ಜಗಳ ಆಡಬಹುದಿತ್ತು.

ನವೆಂಬರ್ 29, ಶನಿವಾರ

ಬಂದರು. ಅಧಿಕಾರಿಗಳು ಇಬ್ಬರು, ಹಿಂದೆ ಮೇಲ್ವಿಚಾರಕ. ಶನಿವಾರ ಬಾಯ್ಲರ್ ಇಲ್ಲ, ಮಾತಾಡಿದರೆ ಬಾಯಿಂದ ಹೊಗೆ. ಕ್ಯಾಂಟೀನಮ್ಮನ ಓವನ್ನೇ ಗತಿ. ಅವಳ ಬ್ರೆಡ್ಡು ಆಗಷ್ಟೇ ಹೊರಗೆ ಬಂದಿತ್ತು. ದೊಡ್ಡ ಅಧಿಕಾರಿ ಅದನ್ನು ಪರಿಶೀಲಿಸಿದ ರೀತಿ ನೋಡಿದರೆ ಬೆಳಗ್ಗೆ ತಿಂಡಿ ತಿಂದಿರಲಿಲ್ಲ.

ಮೇಜಿನ ಮೇಲೆ ಸಾಲಾಗಿ: ಕಾಲರಕ್ಕನ ಬಿಗಿ ಕಾಲುಚೀಲ, ಎರಡೂ ಒಂದೇ ಅಳತೆ. ಗುಂಡಿಯ ಚೀಲ, ಈಗ ತಳ ಇದೆ. ಜೇಬಿನ ಅಕ್ಕನ ಮಫ್ಲರು, ತಂಗಿಯ ದಿಂಬಿನ ಕವರು. ಇಸ್ತ್ರಿಯವರ ಏಪ್ರನ್ ಒಂದು, ಸುತ್ತುಸುತ್ತಾದ ಸಿಹಿ ಬನ್ನಿನ ತಟ್ಟೆ ಒಂದು. ಪ್ಯಾಕಿಂಗ್‌ಳ ಶಾಲು, ಅದನ್ನು ಮಡಿಸದೆ ಪೂರ್ತಿ ಹರವಿ ಇಟ್ಟಿದ್ದಳು. ಕೊನೆಯಲ್ಲಿ ನನ್ನದು. ಎಡಗೈಯ ಕೈಗವಸು. ಬೂದು ಬಣ್ಣ, ಅಲ್ಲಲ್ಲಿ ಜೋತು ಬಿದ್ದ ಏಳು ಕೆಂಪು ದಾರ.

"ಇದು ಡಿಸೈನಾ?" ಎಂದ ಚಿಕ್ಕ ಅಧಿಕಾರಿ.

"ಈ ವರ್ಷದ ಫ್ಯಾಷನ್ನು ಸರ್" ಎಂದಳು ಗುಂಡಿ.

ಮೇಲ್ವಿಚಾರಕ ಮುಂದೆ ಬಂದ. ಗವಸನ್ನು ಹೂವಿನಷ್ಟು ಮೆತ್ತಗೆ ಎತ್ತಿ ಹಿಡಿದ. "ಇನ್ನೊಂದು ಎಲ್ಲಿ ಮೇಡಂ? ಒಂದು ಕೈಗೆ ಕೈಗವಸು ಅಂದ್ರೆ ಅದು ವಸ್ತು ಹೇಗಾಗತ್ತೆ? ಪೂರ್ತಿ ಆಗಿಲ್ವಲ್ಲ."

ಕೋಣೆ ತಣ್ಣಗಾಯಿತು, ಮೊದಲೇ ತಣ್ಣಗಿದ್ದ ಕೋಣೆ. ಇಪ್ಪತ್ತೆರಡು ವರ್ಷ ಎಂಥೆಂಥವರ ಮುಂದೆ ಬಾಯಿ ಬಿಟ್ಟವಳು ನಾನು. ಇವತ್ತು ಖಾಲಿ ಬಲಗೈಯನ್ನು ಸೆರಗಿನಡಿ ಮುಚ್ಚಿಕೊಂಡೆ.

ಪ್ಯಾಕಿಂಗ್ ಎದ್ದಳು. ಕಿತ್ತಳೆ ಪುಸ್ತಕದ ಕೊನೇ ಪುಟ ತೆರೆದಳು.

"ನಾಲ್ಕನೇ ಷರತ್ತು ಸರ್. ಆರಂಭದಿಂದ ಅಂತ್ಯದವರೆಗೆ ಸ್ವಂತ ಕೈಯಿಂದ ಮಾಡಿದ ತಲಾ ಒಂದು ವಸ್ತು. ಜೋಡಿ ಅಂತ ಇಲ್ಲ. ಆರಂಭ ಇಲ್ಲಿದೆ, ನೋಡಿ. ಅಂತ್ಯ ಇಲ್ಲಿ. ಎರಡನ್ನೂ ಇವರೇ ಮಾಡಿದಾರೆ, ನಾವು ಎಂಟು ಜನ ಸಾಕ್ಷಿ. ಇವರು ಎಷ್ಟು ಸಲ ಬಿಚ್ಚಿದ್ರು ಅಂತಾನೂ ಹೇಳ್ಳಾ? ಹೀಟರು ಎಲ್ಲಿ ಅಂತ ನಾವು ಇನ್ನೂ ಕೇಳಿಲ್ಲ, ನೆನಪಿರಲಿ."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ದೊಡ್ಡವನು ಇನ್ನೊಂದು ತುಂಡು ಬ್ರೆಡ್ಡು ತೆಗೆದುಕೊಂಡ. ಎಂಟು ವಸ್ತು ಅಂಗೀಕಾರ, ಒಂಬತ್ತನೆಯದರ ತೀರ್ಮಾನ ಕಾಯ್ದಿರಿಸಲಾಗಿದೆ, ಬಲಗೈ ತಂದು ತೋರಿಸಿದರೆ ಹಂಚಿಕೆಗೆ ಸಹಿ, ಅಲ್ಲಿಯವರೆಗೆ ಕುರ್ಚಿಗಳು ಬರುವುದಿಲ್ಲ. ಹತ್ತು ದಿನ ಗಡುವು. ಹೀಟರಿನ ವಿಷಯವೂ ಅವತ್ತೇ ಎಂದು ಪ್ಯಾಕಿಂಗ್ ಬರೆಸಿಕೊಂಡಳು.

ಅವರು ಇಳಿದು ಹೋದ ಮೇಲೆ ಅವಳಿಗೆ ಹೇಳಿದೆ, "ಅಂತ್ಯ ಅಂದದ್ದು ಚೆನ್ನಾಗಿತ್ತು. ಹೀಟರನ್ನ ಮೊದಲೇ ಹೇಳ್ಬೇಕಿತ್ತು."

"ಕಾರ್ಯದರ್ಶಿ ಯಾರು, ನೀವಾ ನಾನಾ?" ಎಂದಳು.

ಹಲಗೆಯ ಮೇಲೆ ಅವಳು ಆಗಲೇ ಬರೆದಿದ್ದಳು. ನನ್ನ ಹೆಸರಿನ ಮುಂದೆ ಇರುವುದು ಒಂದೇ ಪದ: ಬಲಗೈ.

ಮನೆಗೆ ಬಂದು ತಂಗಿಯ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಮೂವತ್ತಾರು ಕುಣಿಕೆ ಹಾಕಿದ್ದೇನೆ. ಯಾರೂ ಶುರು ಮಾಡಿ ಕೊಟ್ಟಿಲ್ಲ.

ಅಧಿಕಾರಿಗಳೊಂದಿಗೆ ಮುಂದಿನ ಸಭೆ: ಡಿಸೆಂಬರ್ 9, ಮಂಗಳವಾರ, ಮಧ್ಯಾಹ್ನ ಎರಡೂವರೆ. ಬಾಯ್ಲರ್ ಹಚ್ಚಿರುತ್ತಾರೆ.